ಈ ಸೇರು ಯಾರ ಮನೆಯದು?

ಕಳೆದ ವರ್ಷದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ಒಂದು ಗಣಿತ ಪಾಠವನ್ನು ವೀಕ್ಷಿಸಲು ಹೋಗಿದ್ದೆ. ವಿಷಯ ಸಿಲಿಂಡರಿನ ಘನಫಲ. ನಮ್ಮ ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧತೆ ಮಾಡಿಕೊಂಡಿದ್ದಳು. ರಟ್ಟಿನ ಸಿಲಿಂಡರಿನ ಬದಲು ಮನೆಯಿಂದ ಹಿತ್ತಾಳೆಯ ಒಂದು ಸೇರನ್ನೇ ತಂದಿದ್ದಳು. ಅದನ್ನು ಎತ್ತಿ ತೋರಿಸಿ "ಇದರ ಆಕಾರ ಯಾವುದು?" ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ನಮ್ಮಜ್ಜಿ ಮನೇಲೂ ಇಂಥದ್ದೇ ಐತೆ. ಅದ್ರ ಮೇಲೆ ಹೆಸ್ರು ಕೊರ್ದವ್ರೆ" ಎಂದ. ಅವಳು ನಕ್ಕು, "ಹೌದಾ, ಸರಿ ಕೂತ್ಕೊ. ಈಗ ಸೂತ್ರ ನೋಡೋಣ" ಎಂದಳು. ಸೇರು ಮೇಜಿನ ಮೇಲೆ ಕೂತಿತು, ಪಾಠ ಮುಂದುವರಿಯಿತು.

ನಾನು ವೀಕ್ಷಣಾ ನಮೂನೆಯಲ್ಲಿ 'ಬೋಧನೋಪಕರಣದ ಬಳಕೆ' ಎಂಬುದರ ಎದುರು 'ಉತ್ತಮ' ಎಂದು ಬರೆದೆ. ಹುಡುಗ ಹೇಳಿದ ಮಾತಿನ ಬಗ್ಗೆ ಏನೂ ಬರೆಯಲಿಲ್ಲ, ಏಕೆಂದರೆ ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಆ ಹೊತ್ತಿನಲ್ಲಿ ಅದು ಕೊರತೆ ಅಂತಲೂ ನನಗೆ ಅನ್ನಿಸಲಿಲ್ಲ. ಕೊರತೆ ಎಂದು ಅನ್ನಿಸಿದ್ದು ಎರಡು ವಾರಗಳ ನಂತರ, ಅದೇ ಮಕ್ಕಳನ್ನು ಜಾನಪದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ ದಿನ. ಆ ದಿನ ಕಂಡ ಎರಡು ಪ್ರಸಂಗಗಳನ್ನು ಇಲ್ಲಿ ಬರೆಯುತ್ತೇನೆ. ಎರಡರಲ್ಲೂ ತಪ್ಪಿದ್ದರೆ ಅದು ನಮ್ಮದು, ಅಂದರೆ ಶಿಕ್ಷಕರನ್ನು ತಯಾರು ಮಾಡುವವರದು.

ಒಂದೇ ದಿನದ ಎರಡು ಪ್ರಸಂಗ

ಪ್ರವಾಸಕ್ಕೆ ಅರವತ್ತು ಮಕ್ಕಳು, ಆರು ಜನ ಪ್ರಶಿಕ್ಷಣಾರ್ಥಿಗಳು, ಶಾಲೆಯ ಇಬ್ಬರು ಶಿಕ್ಷಕರು ಹೊರಟಿದ್ದೆವು. ಜೊತೆಗೆ ಬಿಸಿಯೂಟದ ಅಡುಗೆಯ ಅಮ್ಮ ಒಬ್ಬರಿದ್ದರು. ಬುತ್ತಿ ನೋಡಿಕೊಳ್ಳಲು ಬಂದವರು ಅವರು. ಒಳಗೆ ಮಕ್ಕಳ ಸಾಲು ಎಂದಿನಂತೆ ಓಡುತ್ತಿತ್ತು. ಒಂದು ಕೋಣೆಗೆ ಮೂರು ನಿಮಿಷ. ಕೆಲವರು ಫಲಕದ ಮೇಲಿದ್ದ ಹೆಸರುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು, ಏಕೆಂದರೆ ವರದಿ ಬರೆಯಬೇಕೆಂದು ನಾವೇ ಹೇಳಿದ್ದೆವು.

ಅಳತೆಯ ಸಾಧನಗಳನ್ನು ಇಟ್ಟಿದ್ದ ಕಡೆ ಆ ಅಮ್ಮ ನಿಂತುಬಿಟ್ಟರು. ಪಾವು, ಸೇರು, ಬಳ್ಳ, ಕೊಳಗ ಸಾಲಾಗಿ ಇದ್ದವು. ಕೊಳಗದ ಮುಂದೆ ನಿಂತು, ಮುಟ್ಟದೆ, ಗಾಳಿಯಲ್ಲೇ ಅಂಗೈಯಿಂದ ಅದರ ಬಾಯಿ ಸವರಿದಂತೆ ಮಾಡಿದರು. ಪಕ್ಕದಲ್ಲಿದ್ದ ಹುಡುಗಿ "ಏನಮ್ಮಾ ಮಾಡ್ತಿದ್ದೀರಾ?" ಎಂದಳು. ಅವರು ಹೇಳತೊಡಗಿದರು. ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು, ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗ ಆದರೆ ಒಂದು ಖಂಡುಗ. ಅಷ್ಟರಲ್ಲಿ ಹತ್ತು ಹನ್ನೆರಡು ಮಕ್ಕಳು ಸುತ್ತ ಸೇರಿದ್ದರು. ಆಗ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: "ನಮ್ಮವ್ವ ಕೂಲಿಗೆ ಹೋಗೋಳು ಮಕ್ಳಾ. ನಮಗೆ ಕೊಡೋವಾಗ ಹಿಂಗೆ ಸವರಿ ಕೊಡೋರು. ನಾವು ಸಾಲ ತೀರ್ಸೋವಾಗ ಗೋಪುರ ಬರೋ ಹಂಗೆ ತುಂಬಿಸ್ಕೊಳೋರು. ಸೇರು ಅದೇಯ, ಅಳೆಯೋ ಕೈ ಬ್ಯಾರೆ."

ಸುಮಾರು ಎಂಟು ನಿಮಿಷ ಆ ಮಕ್ಕಳು ಅಲುಗಾಡಲಿಲ್ಲ. ಅಮ್ಮನಿಗೆ ಸಾರು, ಅನ್ನ ಬಡಿಸುವ ಕೆಲಸವಷ್ಟೇ ಗೊತ್ತೆಂದು ತಿಳಿದಿದ್ದ ಮಕ್ಕಳು ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಪಕ್ಕದ ಸೀಟಿಗೆ ಜಗಳವಾಡಿದರು.

ಎರಡನೆಯ ಪ್ರಸಂಗ ವಾದ್ಯಗಳ ಕೋಣೆಯಲ್ಲಿ ನಡೆಯಿತು. ಗೋಡೆಯ ಮೇಲೆ ತಮಟೆ ಇತ್ತು. ಫಲಕದಲ್ಲಿ ಎರಡೇ ಪದ: 'ತಮಟೆ, ಚರ್ಮವಾದ್ಯ'. ಒಬ್ಬ ಹುಡುಗ ಇನ್ನೊಬ್ಬನ ಹೆಗಲು ತಟ್ಟಿ, "ಲೋ, ನಿಮ್ಮಪ್ಪಂದು ಇಲ್ಲಿಗೆ ಹೆಂಗ್ ಬಂತೋ?" ಎಂದ. ನಾಲ್ಕಾರು ಮಕ್ಕಳು ನಕ್ಕರು. ಆ ಹುಡುಗ ಏನೂ ಹೇಳದೆ ಸಾಲಿನ ಕೊನೆಗೆ ಹೋಗಿ ನಿಂತ. ಅಲ್ಲಿದ್ದ ಪ್ರಶಿಕ್ಷಣಾರ್ಥಿ ಕ್ಷಣಕಾಲ ತಡವರಿಸಿ "ಗಲಾಟೆ ಬೇಡ, ಸಾಲಲ್ಲಿ ನಡೀರಿ" ಎಂದ. ನಾನೂ ಅಲ್ಲೇ ಇದ್ದೆ. ನಾನೂ ಸಾಲಲ್ಲೇ ನಡೆದೆ.

ಒಂದೇ ಕಟ್ಟಡ, ಒಂದೇ ದಿನ. ಒಂದು ವಸ್ತು ಒಬ್ಬರಿಗೆ ಮಾತು ಕೊಟ್ಟಿತು, ಇನ್ನೊಂದು ಒಬ್ಬನ ಮಾತು ಕಿತ್ತುಕೊಂಡಿತು. ವಸ್ತುಸಂಗ್ರಹಾಲಯ 'ನಮ್ಮ ಪರಂಪರೆಯನ್ನು ಪರಿಚಯಿಸುತ್ತದೆ' ಎಂದು ಪ್ರವಾಸ ವರದಿಗಳಲ್ಲಿ ನಾವು ಬರೆಯುವ ಸಾಲು ಈ ಎರಡರಲ್ಲಿ ಯಾವುದಕ್ಕೆ ಹೊಂದುತ್ತದೆ?

ವಸ್ತು ಉಪಕರಣವಲ್ಲ

ನನ್ನ ಮೊದಲ ವಾದ ಇದು: ಬೋಧನಾಭ್ಯಾಸದಲ್ಲಿ ಹಳೆಯ ವಸ್ತುವನ್ನು ನಾವು ಪಾಠದ ಬಾಗಿಲು ತೆರೆಯುವ ಕೀಲಿಯಾಗಿ ಮಾತ್ರ ಬಳಸುತ್ತಿದ್ದೇವೆ. 5ಇ ಮಾದರಿಯ 'ತೊಡಗಿಸಿಕೊಳ್ಳುವಿಕೆ' ಹಂತದಲ್ಲಿ ಮೂರು ನಿಮಿಷ ತೋರಿಸುತ್ತೇವೆ, ಆಮೇಲೆ ಚೀಲಕ್ಕೆ ಹಾಕುತ್ತೇವೆ. ಆದರೆ ಒಂದು ಸೇರು ಯಾರದೋ ಮನೆಯಲ್ಲಿ ಅಕ್ಕಿ ಅಳೆದದ್ದು, ಯಾರದೋ ಮದುವೆಯಲ್ಲಿ ತುಂಬಿ ಇಟ್ಟದ್ದು, ಯಾರದೋ ಕೂಲಿಯನ್ನು ಕಡಿಮೆ ಮಾಡಿದ್ದು. ಅದನ್ನು ಸಿಲಿಂಡರ್ ಎಂದಷ್ಟೇ ಕಂಡರೆ ಗಣಿತವೂ ಬಡವಾಗುತ್ತದೆ.

ಇದು ಭಾವುಕತೆಯ ಮಾತಲ್ಲ, ಲೆಕ್ಕ ಹಾಕಿ ನೋಡೋಣ. ಬಾಯಿಯ ತ್ರಿಜ್ಯ 5 ಸೆಂ.ಮೀ., ಎತ್ತರ 12.7 ಸೆಂ.ಮೀ. ಇರುವ ಒಂದು ಅಳತೆಪಾತ್ರೆ ಎಂದಿಟ್ಟುಕೊಳ್ಳಿ. ಅದು ಹೆಚ್ಚುಕಡಿಮೆ 1 ಲೀಟರ್ ಹಿಡಿಯುತ್ತದೆ. ಅದರ ಮೇಲೆ 3 ಸೆಂ.ಮೀ. ಎತ್ತರಕ್ಕೆ ಕಾಳು ಗೋಪುರವಾಗಿ ನಿಂತರೆ ಆ ಶಂಕುವಿನ ಘನಫಲ ಸುಮಾರು 78 ಘನ ಸೆಂ.ಮೀ. ಎಂದರೆ ಸವರಿ ಕೊಟ್ಟು, ಗೋಪುರ ಕಟ್ಟಿ ತೆಗೆದುಕೊಂಡರೆ ನೂರು ಸೇರಿಗೆ ಸುಮಾರು ಎಂಟು ಸೇರಿನ ವ್ಯತ್ಯಾಸ. ಈಗ 15 ಸೆಂ.ಮೀ. ತ್ರಿಜ್ಯ, 15 ಸೆಂ.ಮೀ. ಎತ್ತರದ ಅಗಲ ಬಾಯಿಯ ಪಾತ್ರೆ ತೆಗೆದುಕೊಳ್ಳಿ. ಗೋಪುರದ ಇಳಿಜಾರು ಅಷ್ಟೇ ಇದ್ದರೆ ಅದರ ಎತ್ತರ 9 ಸೆಂ.ಮೀ. ಆಗುತ್ತದೆ, ವ್ಯತ್ಯಾಸ ನೂರಕ್ಕೆ ಇಪ್ಪತ್ತಕ್ಕೆ ಏರುತ್ತದೆ. ಬಾಯಿ ಅಗಲವಾದಷ್ಟೂ ಗೋಪುರದ ಪಾಲು ಹೆಚ್ಚು. ಆ ಅಮ್ಮ ಬಲ್ಲ ಸತ್ಯವನ್ನು ಸಿಲಿಂಡರ್ ಮತ್ತು ಶಂಕುವಿನ ಸೂತ್ರಗಳು ಸಾಬೀತು ಮಾಡುತ್ತವೆ. ಎಂಟನೇ ತರಗತಿಯ ಮಕ್ಕಳಿಗೆ ಶಂಕುವಿನ ಸೂತ್ರ ಗೊತ್ತಿಲ್ಲದಿದ್ದರೆ ಕಾಳು ತುಂಬಿ, ಸವರಿ, ಉಳಿದದ್ದನ್ನು ಅಳೆದೇ ಕಂಡುಕೊಳ್ಳಲಿ.

ಇದರ ಮುಂದುವರಿಕೆ ಸಮಾಜ ವಿಜ್ಞಾನದ ತರಗತಿಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಗದ್ದೆಯ ವಿಸ್ತಾರವನ್ನೂ ಅದಕ್ಕೆ ಬೇಕಾದ ಬಿತ್ತನೆಯ ಅಳತೆಯಿಂದ, ಇಷ್ಟು ಕೊಳಗದ ಗದ್ದೆ, ಇಷ್ಟು ಖಂಡುಗದ ಗದ್ದೆ ಎಂದು ಹೇಳುತ್ತಿದ್ದರು. ಊರಿಂದೂರಿಗೆ ಬದಲಾಗುತ್ತಿದ್ದ ಇಂಥ ಅಳತೆಗಳ ಜಾಗಕ್ಕೆ ಒಂದೇ ಪದ್ಧತಿ ತರಲು ದೇಶದಲ್ಲಿ 1956ರಲ್ಲಿ ಕಾಯ್ದೆಯಾಯಿತು, 1958ರಿಂದ ಮೆಟ್ರಿಕ್ ತೂಕಗಳು ಬರತೊಡಗಿದವು. ಮೆಟ್ರಿಕ್ ಪದ್ಧತಿ ಲೆಕ್ಕವನ್ನು ಸುಲಭ ಮಾಡಿತು ಎಂದಷ್ಟೇ ನಾವು ಕಲಿಸುತ್ತೇವೆ. ಮುದ್ರೆ ಬಿದ್ದ ಅಳತೆ ಬಂದಾಗ ಕೂಲಿಯವರಿಗೆ ಏನಾಯಿತು ಎಂದು ಊರಿನ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳುವುದಿಲ್ಲ.

ಮುಟ್ಟಿದ ಐದು ಅಂಗಿಗಳು

ವಸ್ತುವನ್ನು ಅದರ ಜನರ ಎದುರು ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಉತ್ತರ ಅಮೆರಿಕದ ಬ್ಲ್ಯಾಕ್‌ಫುಟ್ ಜನರ ಐದು ಚರ್ಮದ ಅಂಗಿಗಳನ್ನು 1841ರಲ್ಲಿ ಹಡ್ಸನ್ಸ್ ಬೇ ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್ ಮತ್ತು ಅವನ ಕಾರ್ಯದರ್ಶಿ ಎಡ್ವರ್ಡ್ ಹಾಪ್ಕಿನ್ಸ್ ಪಡೆದುಕೊಂಡು ಹೋದರು. ಮುಳ್ಳುಹಂದಿಯ ಮುಳ್ಳಿನ ಕುಸುರಿ, ಕೂದಲಿನ ಎಳೆಗಳು, ಯುದ್ಧದ ಸಾಹಸಗಳ ಚಿತ್ರಗಳಿರುವ ಅಂಗಿಗಳು ಅವು. 1893ರಲ್ಲಿ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ ಸೇರಿದವು. 2010ರಲ್ಲಿ ಆ ಮ್ಯೂಸಿಯಂ ಅವನ್ನು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎರಡು ಮ್ಯೂಸಿಯಂಗಳಿಗೆ, ಕ್ಯಾಲ್ಗರಿಯ ಗ್ಲೆನ್‌ಬೋ ಮತ್ತು ಲೆತ್‌ಬ್ರಿಜ್‌ನ ಗಾಲ್ಟ್‌ಗೆ, ಎರವಲಾಗಿ ಕಳಿಸಿತು. ಗಾಜಿನ ಹಿಂದೆ ಇಡುವ ಮೊದಲು ಬ್ಲ್ಯಾಕ್‌ಫುಟ್ ಜನರನ್ನೇ ಕರೆದು ಅಂಗಿಗಳನ್ನು ಹತ್ತಿರದಿಂದ ನೋಡಲು, ಮುಟ್ಟಲು ಅವಕಾಶ ಮಾಡಿಕೊಟ್ಟರು. ಹಿರಿಯರು, ಕುಶಲಕರ್ಮಿಗಳು, ಶಾಲೆಯ ವಿದ್ಯಾರ್ಥಿಗಳು ಸೇರಿ 500ಕ್ಕೂ ಹೆಚ್ಚು ಜನ ಬಂದರು. ಲಾರಾ ಪಿಯರ್ಸ್ ಮತ್ತು ಆಲಿಸನ್ ಬ್ರೌನ್ ಎಂಬ ಇಬ್ಬರು ವಿದ್ವಾಂಸರು ಈ ಅನುಭವವನ್ನು ಪುಸ್ತಕವಾಗಿ ದಾಖಲಿಸಿದ್ದಾರೆ.

ಶಿಕ್ಷಕರಾದ ನಾವು ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಜನರ ಮಕ್ಕಳನ್ನು ತಮ್ಮ ಭಾಷೆಯಿಂದ, ಆಚರಣೆಗಳಿಂದ ಬೇರ್ಪಡಿಸಿದ್ದು ಯುದ್ಧವಷ್ಟೇ ಅಲ್ಲ, ವಸತಿ ಶಾಲೆಗಳು. ಮನೆಯ ಮಾತನ್ನು ಆಡಿದರೆ ಶಿಕ್ಷೆ ಕೊಡುತ್ತಿದ್ದ ಶಾಲೆಗಳು ಅವು. ಪರಂಪರೆಯನ್ನು ಕಡಿಯುವುದರಲ್ಲಿ ಶಾಲೆಯ ಪಾತ್ರ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಶಾಲೆಗಳು ಅಷ್ಟು ಕ್ರೂರವಲ್ಲ. ಆದರೆ ಮನೆಯಲ್ಲಿರುವುದು ಹಳೆಯದು, ಶಾಲೆಯಲ್ಲಿರುವುದು ಹೊಸದು ಎಂಬ ಭಾವನೆಯನ್ನು ನಾವೂ ಸದ್ದಿಲ್ಲದೆ ಬಿತ್ತುತ್ತೇವೆ. 'ಸರಿ, ಕೂತ್ಕೊ' ಎಂಬ ಎರಡು ಪದ ಸಾಕು.

ಇನ್ನೊಂದು ಸಂಗತಿ: ಪ್ರದರ್ಶನ ಮುಗಿದ ಮೇಲೆ ಆ ಅಂಗಿಗಳು ಆಕ್ಸ್‌ಫರ್ಡಿಗೇ ಮರಳಿದವು. ಮುಟ್ಟುವ ಅವಕಾಶ ದೊಡ್ಡದು, ಒಡೆತನದ ಪ್ರಶ್ನೆ ಬೇರೆ. ನಮ್ಮಲ್ಲೂ ಈ ಪ್ರಶ್ನೆ ಇದೆ. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನದ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಇರುವುದು ಅದರ ಪ್ರತಿಕೃತಿ. ಕಲ್ಲಿನ ರಕ್ಷಣೆಗೆ ಅದು ಸರಿಯೇ ಇರಬಹುದು. ಆದರೆ 'ಕನ್ನಡದ ಪ್ರಾಚೀನ ಶಾಸನ' ಎಂದು ಕಲಿಸುವಾಗ, ಆ ಕಲ್ಲು ಯಾವ ಊರಿನದು, ಈಗ ಎಲ್ಲಿದೆ, ಏಕೆ ಎಂಬುದನ್ನು ಮಕ್ಕಳ ಮುಂದೆ ಚರ್ಚೆಗಿಟ್ಟ ಪ್ರಶಿಕ್ಷಣಾರ್ಥಿಯನ್ನು ನಾನು ಈವರೆಗೆ ಕಂಡಿಲ್ಲ.

ಎಲ್ಲ ಪರಂಪರೆಯೂ ಹೆಮ್ಮೆಯಲ್ಲ

ಈಗ ತಮಟೆಯ ಪ್ರಸಂಗಕ್ಕೆ ಬರುತ್ತೇನೆ. 'ಸಂಸ್ಕೃತಿಯೊಂದಿಗೆ ಮರುಸಂಬಂಧ' ಎಂಬ ಮಾತು ಕೇಳಲು ಹಿತ. ಆದರೆ ನಮ್ಮ ಸಮಾಜದಲ್ಲಿ ವಸ್ತುಗಳು ಜಾತಿಯ ಗುರುತನ್ನು ಹೊತ್ತಿವೆ. ತಮಟೆ, ಚಮ್ಮಾರಿಕೆಯ ಉಳಿ, ಕ್ಷೌರದ ಪೆಟ್ಟಿಗೆ ಇವನ್ನು ಗಾಜಿನ ಹಿಂದೆ ಇಟ್ಟ ಮಾತ್ರಕ್ಕೆ ಅವು ನಿರಪಾಯವಾಗುವುದಿಲ್ಲ. ಸಾವಿಗೆ, ಜಾತ್ರೆಗೆ ತಮಟೆ ಬಡಿಯುವುದನ್ನು ಕಡ್ಡಾಯದ ಚಾಕರಿಯಾಗಿ ಹೊರಿಸಲಾಗಿತ್ತು. ಆ ಕಾರಣಕ್ಕೆ ಅದನ್ನು ಕೈಬಿಟ್ಟವರಿದ್ದಾರೆ. ಅದನ್ನೇ ಹೋರಾಟದ ಮೆರವಣಿಗೆಗೂ ಕಲೆಯ ವೇದಿಕೆಗೂ ತಂದು, ತಮ್ಮ ದನಿಯೆಂದು ನುಡಿಸಿದವರೂ ಇದ್ದಾರೆ. ಎರಡೂ ಅವರವರ ಆಯ್ಕೆ, ಎರಡಕ್ಕೂ ಘನತೆಯಿದೆ. 'ಚರ್ಮವಾದ್ಯ' ಎಂಬ ಒಂದೇ ಪದದಲ್ಲಿ ಇವೆರಡೂ ಮುಚ್ಚಿಹೋಗುತ್ತವೆ. ಆ ಖಾಲಿ ಜಾಗವನ್ನು ಮಕ್ಕಳು ತಮಗೆ ಗೊತ್ತಿರುವ ಊರಿನ ಹೀಯಾಳಿಕೆಯಿಂದ ತುಂಬುತ್ತಾರೆ.

ಹಾಗಾದರೆ ಆ ಪ್ರಶಿಕ್ಷಣಾರ್ಥಿ ಏನು ಮಾಡಬಹುದಿತ್ತು? ಆ ಹುಡುಗನನ್ನು ಕರೆದು "ನಿನಗೆ ತಮಟೆ ಗೊತ್ತಲ್ಲ, ಹೇಳು" ಎನ್ನುವುದು ಉತ್ತರವಲ್ಲ. ಅದು ಇನ್ನೊಂದು ಬಗೆಯಲ್ಲಿ ಅವನನ್ನು ಜಾತಿಗೆ ಕಟ್ಟಿಹಾಕುತ್ತದೆ. ಯಾವ ಮಗುವೂ ತನ್ನ ಸಮುದಾಯದ ಪ್ರತಿನಿಧಿಯಾಗಿ ತರಗತಿಗೆ ಬಂದಿರುವುದಿಲ್ಲ. ಮಾಡಬೇಕಾದದ್ದು ಮೊದಲೇ ಇತ್ತು. ಹಿಂದಿನ ದಿನ ಒಬ್ಬ ತಮಟೆ ಕಲಾವಿದರನ್ನು ಸಂಗೀತಗಾರರಿಗೆ ಸಲ್ಲುವ ಗೌರವದಿಂದಲೇ ಶಾಲೆಗೆ ಕರೆಸಬಹುದಿತ್ತು. ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸುವುದು ಹೇಗೆ, ಎರಡು ಕಡ್ಡಿಗಳ ಕೆಲಸ ಬೇರೆ ಬೇರೆ ಏಕೆ ಎಂದು ಎಲ್ಲ ಮಕ್ಕಳೂ ಕಲಿಯಬಹುದಿತ್ತು. ಅಂಥ ಮಕ್ಕಳು ಮರುದಿನ ಗೋಡೆಯ ಮೇಲಿನ ತಮಟೆಯನ್ನು ನೋಡಿ ನಗುವುದು ಕಷ್ಟ. ನಕ್ಕರೂ, "ಯಾಕೆ ನಕ್ಕೆ?" ಎಂದು ನಿಂತು ಕೇಳುವ ಧೈರ್ಯ ಪ್ರಶಿಕ್ಷಣಾರ್ಥಿಗೆ ಇರಬೇಕು. ಆ ಧೈರ್ಯವನ್ನು ಸೂಕ್ಷ್ಮ ಬೋಧನೆಯ ಯಾವ ಕೌಶಲದಲ್ಲೂ ನಾವು ಅಭ್ಯಾಸ ಮಾಡಿಸಿಲ್ಲ.

ಎರಡು ಆಕ್ಷೇಪಗಳು

ಸಹೋದ್ಯೋಗಿಗಳು ಹೇಳುವ ಎರಡು ಮಾತು ನನಗೆ ಗೊತ್ತು. ಮೊದಲನೆಯದು ಸಮಯ. ನಲವತ್ತು ನಿಮಿಷದ ಅವಧಿ, ಮುಗಿಸಬೇಕಾದ ಘಟಕ, ಇಷ್ಟು ಪಾಠ ಆಗಲೇಬೇಕೆಂಬ ಲೆಕ್ಕ. ನಿಜ, ಎಲ್ಲ ಪಾಠವನ್ನೂ ಹೀಗೆ ಮಾಡಲಾಗದು. ಆದರೆ ಬಿ.ಇಡಿ. ಎರಡು ವರ್ಷದ ಕೋರ್ಸ್ ಆಗಿ, ಶಾಲೆಯಲ್ಲಿ ಕಳೆಯುವ ವಾರಗಳು ಹೆಚ್ಚಾದ ಮೇಲೂ ಪ್ರತಿ ಪ್ರಶಿಕ್ಷಣಾರ್ಥಿಗೆ ಇಂಥ ಒಂದೇ ಒಂದು ಪಾಠಕ್ಕೆ ಜಾಗವಿಲ್ಲ ಎಂದರೆ ನಂಬುವುದು ಕಷ್ಟ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದೇ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂಬುದು. ನಮ್ಮ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ.

ಎರಡನೆಯದು, ಮ್ಯೂಸಿಯಂಗಳು ದೂರ, ಮುಟ್ಟಲು ಬಿಡುವುದಿಲ್ಲ ಎಂಬುದು. ಮುಟ್ಟಬಾರದು ಎಂಬ ಫಲಕಕ್ಕೆ ಕಾರಣವಿದೆ. ಕೈಯ ಬೆವರು, ಎಣ್ಣೆ ಲೋಹವನ್ನೂ ಬಟ್ಟೆಯನ್ನೂ ಕೆಡಿಸುತ್ತವೆ. ಅದನ್ನು ಮಕ್ಕಳಿಗೆ ವಿವರಿಸಿದರೆ ಅದೂ ಒಂದು ವಿಜ್ಞಾನ ಪಾಠ. ದೂರದ ಮಾತಿಗೆ ಬಂದರೆ, ಮೈಸೂರಿನ ಸುತ್ತಲಿನವರಿಗೆ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯವಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಇವು ಹತ್ತಿರವಿಲ್ಲದ ಕಡೆ ಮಕ್ಕಳ ಅಟ್ಟಗಳೇ ಇವೆ. ನಾಗೇಗೌಡರೂ ಅವರ ಜೊತೆಗಾರರೂ ವಸ್ತುಗಳನ್ನು ಹುಡುಕಿದ್ದು ಇಂಥ ಮನೆಗಳಲ್ಲೇ.

ನಾವು ಮಾಡಬಹುದಾದದ್ದು

ನನ್ನ ಸಲಹೆಗಳು ಸಣ್ಣವು. ಒಂದು, ಪ್ರತಿ ಪ್ರಶಿಕ್ಷಣಾರ್ಥಿಯ ಪಾಠಗಳಲ್ಲಿ ಒಂದಾದರೂ ವಸ್ತುವಿನಿಂದ ಹುಟ್ಟಿ ವಸ್ತುವಿನಲ್ಲೇ ಮುಗಿಯುವ ಪಾಠವಾಗಿರಲಿ. ಎರಡು, ಆ ಪಾಠಕ್ಕೆ ವಸ್ತುವನ್ನು ಬಳಸಿ ಬಲ್ಲ ಒಬ್ಬರನ್ನು ಕರೆಯಲಿ. ಅವರು ಅಡುಗೆಯ ಅಮ್ಮ ಆಗಿರಬಹುದು, ಕಮ್ಮಾರರಾಗಿರಬಹುದು, ಮಗುವಿನ ಅಜ್ಜಿಯಾಗಿರಬಹುದು. ಮೂರು, ಮ್ಯೂಸಿಯಂ ಪ್ರವಾಸದಲ್ಲಿ ಕೋಣೆಗಳನ್ನು ಎಣಿಸುವುದು ನಿಲ್ಲಲಿ. ಐದು ಮಕ್ಕಳಿಗೆ ಒಂದು ವಸ್ತು, ಅರ್ಧ ಗಂಟೆ ಸಾಕು. ಹಿಂತಿರುಗಿ ಬಂದ ಮೇಲೆ ಹೆಸರುಗಳ ಪಟ್ಟಿಯ ಬದಲು, ಆ ವಸ್ತುವಿನ ಪಕ್ಕದಲ್ಲಿ ಇರಬೇಕಿತ್ತು ಎಂದು ತಮಗೆ ತೋಚುವ ಫಲಕವನ್ನು ಮಕ್ಕಳೇ ಬರೆಯಲಿ. ಯಾರು ಮಾಡಿದ್ದು, ಯಾರು ಬಳಸಿದ್ದು, ಯಾರಿಗೆ ಕಷ್ಟವಾಗಿತ್ತು ಎಂಬ ಮೂರು ಪ್ರಶ್ನೆ ಅದರಲ್ಲಿರಲಿ. ನಾಲ್ಕು, ಮನೆಯ ವಸ್ತುವನ್ನು ಶಾಲೆಗೆ ತರುವುದು ಎರವಲು ಮಾತ್ರ. ಹಿರಿಯರ ಒಪ್ಪಿಗೆ ಬೇಕು, ಅದೇ ಸಂಜೆ ಮರಳಬೇಕು. ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಯಾರದ್ದೋ ಅಜ್ಜಿಯ ಚೆಂಬು ಉಳಿದುಬಿಡುವುದು ನಮ್ಮಲ್ಲಿ ಹೊಸದೇನಲ್ಲ. ತರಲು ಇಷ್ಟವಿಲ್ಲದ ಮಗುವನ್ನು ಏಕೆಂದು ಕೇಳುವುದೂ ಬೇಡ.

ಐದನೆಯದು ನಮಗೇ ಸಂಬಂಧಿಸಿದ್ದು. ವೀಕ್ಷಣಾ ನಮೂನೆಯಲ್ಲಿ 'ಮಗು ಮನೆಯಿಂದ ತಂದ ಮಾತಿಗೆ ಶಿಕ್ಷಕರ ಸ್ಪಂದನೆ' ಎಂಬ ಒಂದು ಸಾಲು ಸೇರಿಸೋಣ. ಅಂಕ ಇರುವ ಕಡೆಗೆ ಪ್ರಶಿಕ್ಷಣಾರ್ಥಿಗಳ ಗಮನ ಹರಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸತ್ಯ.

ಇಂಟರ್ನ್‌ಶಿಪ್‌ನ ಕೊನೆಯ ವಾರ ಆ ಪ್ರಶಿಕ್ಷಣಾರ್ಥಿಗೆ ಮೊದಲ ಪಾಠದ ಹುಡುಗನ ಮಾತನ್ನು ನೆನಪಿಸಿದೆ. ಅವಳು ಮರೆತಿರಲಿಲ್ಲ. ಅವನನ್ನು ಕೇಳಿದಳು, ಅವನು ಅಜ್ಜಿಯನ್ನು ಕೇಳಿದ, ಸೇರು ಬಂತು. ಅದರ ಮೇಲಿದ್ದದ್ದು ಅಜ್ಜಿಯ ತಾಯಿಯ ಹೆಸರು, ಚುಕ್ಕೆ ಚುಕ್ಕೆಯಾಗಿ ಕೊರೆದದ್ದು. ಓದು ಬಾರದ ಆಕೆಗೆ ಮದುವೆಯಲ್ಲಿ ಕೊಟ್ಟದ್ದಂತೆ. ಮಕ್ಕಳು ಅದನ್ನು ಅಳೆದರು, ಕಾಳು ತುಂಬಿ ಸವರಿದರು, ಗೋಪುರ ಕಟ್ಟಿ ಮತ್ತೆ ಅಳೆದರು. ಗಂಟೆ ಹೊಡೆದ ಮೇಲೆ "ಇವತ್ತು ಇಲ್ಲೇ ಇರಲಿ, ನಾಳೆ ಇನ್ನೊಂದು ತರಗತಿಗೆ ತೋರಿಸೋಣ" ಎಂದು ಅವಳು ಕೇಳಿದಳು. ಹುಡುಗ ಒಪ್ಪಲಿಲ್ಲ. "ಇಲ್ಲ ಮಿಸ್, ಅಜ್ಜಿ ಸಾಯಂಕಾಲಕ್ಕೆ ತಂದ್ಕೊಡು ಅಂದವ್ಳೆ" ಎಂದು ಸೇರನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ಅವಳು ತಡೆಯಲಿಲ್ಲ. ಆ ಪಾಠದ ವೀಕ್ಷಣಾ ನಮೂನೆಯಲ್ಲಿ ಕಾಲಂ ಇಲ್ಲದಿದ್ದರೂ ಅಂಚಿನಲ್ಲಿ ಅಷ್ಟನ್ನು ಬರೆದಿದ್ದೇನೆ.